ಮೂರನೇ ಸಾಣೆ

ಮೇ ಹದಿನಾಲ್ಕು, ಎರಡು ಸಾವಿರದ ಹತ್ತೊಂಬತ್ತು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ, ಆಯಿಲ್ ತಟ್ಟೆಯ ತಳದಲ್ಲಿ ಬಂಗಾರ ಮಿನುಗುತ್ತಿದೆ — ಬಂಗಾರವೆಲ್ಲಿಂದ ಬಂತು, ತಾಮ್ರ, ಬೇರಿಂಗಿನ ಮೇಲಿನ ಬಿಳಿಯ ಪದರ ಹರಿದು ಅದರಡಿಯ ತಾಮ್ರ ಪುಡಿಯಾಗಿ ಇಳಿದದ್ದು, ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದರೆ ದರ್ಬಾರಿಗೆ ಹೊರಟ ರಾಣಿತಾಯಿಯ ಕೈಯಂತೆ ಹೊಳೆಯುತ್ತದೆ, ಅರವತ್ತು ಕಿಲೋಮೀಟರ್ ಕೂಡ ಓಡದ ಎಂಜಿನ್ನು, ನಾವು ಕಟ್ಟಿದ್ದು, ನಮ್ಮ ಶೆಡ್ಡಿನ ಹೆಸರು ಹೊತ್ತದ್ದು, ತನ್ನನ್ನೇ ತಾನು ಅರೆದುಕೊಂಡು ಕುಡಿದಿದೆ. ಇದಕ್ಕೆ ಕಾರಣ ಅಗೋ ಅಲ್ಲಿ, ಓಣಿಯಾಚೆ, ಬೀಗ ಬಿದ್ದ ಬಾಗಿಲ ಮುಂದೆ ಬಕೆಟ್ ಬೋರಲು ಹಾಕಿ ಕೂತು ಕೆಂಕೆ ಎಂಬ ಹುಳಿ ಜೋಳದ ಮುದ್ದೆ ತಿನ್ನುತ್ತಿದೆ, ಹುರಿದ ಮೀನು ಮುರಿದು ಮೆಣಸಿನ ಚಟ್ನಿಗೆ ಅದ್ದಿ, ಒಂದಿಷ್ಟೂ ಅವಸರವಿಲ್ಲದೆ — ತೇಯೆ, ಎಂಜಿನ್ನನ್ನು ತಿರುಗಿಸುವ ದಂಡ ಕ್ರ್ಯಾಂಕಿಗೆ ಸಾಣೆ ಹಿಡಿಯುವ ತೇಯೆ, ತೇಮಾ ಬಂದರಿನಲ್ಲಿ ಹಡಗಿನ ಎಂಜಿನ್ನುಗಳ ಮೇಲೆ ಕೈ ಪಳಗಿಸಿಕೊಂಡು ಬಂದವನು, ಎರಡು ವರ್ಷದ ಹಿಂದೆ ಕುಮಾಸಿಗೆ ಬಂದು ನಮ್ಮ ಓಣಿಯಲ್ಲಿ ಯಂತ್ರ ಇಟ್ಟಾಗ ಮೊದಲು ಕೆಲಸ ಕೊಟ್ಟವರು ಯಾರು, ನಾವೇ. ನಾಲ್ಕು ಗಂಟೆಗೆ ಓಣಿಯ ಸಂಘದ ಛೇರ್ಮನ್ ಓಡುರೋ ಬರುತ್ತಾರೆ, ಓಣಿಯ ಫಿಟ್ಟರುಗಳೆಲ್ಲ ಸೇರುತ್ತಾರೆ, ನನ್ನ ಕಡೆ ತಿರುಗಿ ಟೀಚರ್, ಸಾಕ್ಷಿ ತೋರ್ಸು ಎನ್ನುತ್ತಾರೆ, ತೋರಿಸಿದರೆ ತೇಯೆಯ ಸಾಣೆಯಂತ್ರ ಲಾರಿ ಹತ್ತುತ್ತದೆ, ಅವನೂ ಅದರ ಹಿಂದೆಯೇ, ಈ ಸುವಾಮೆಯ ಗ್ಯಾರೇಜು ಪೇಟೆಯಲ್ಲಿ ಒಂದು ಓಣಿ ಹೊರಗೆ ಹಾಕಿದವನಿಗೆ ಇನ್ನೊಂದು ಓಣಿ ನೆರಳು ಕೊಡುವುದಿಲ್ಲ, ಹೋಗಲಿ, ಬಂದರಿಗೇ ಹೋಗಲಿ, ಹಡಗಿಗೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಒಂದು ಲೆಕ್ಕವೇ. ಶನಿವಾರ ವ್ಯಾನನ್ನು ಹಗ್ಗ ಕಟ್ಟಿ ಎಳೆದು ತಂದರು, ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎಂದು ಬೆನ್ನ ಮೇಲೆ ಬರೆಸಿಕೊಂಡ ಹದಿನೈದು ಸೀಟಿನ ವ್ಯಾನು, ಓಣಿಯ ಬಾಯಿಂದ ನಮ್ಮ ಶೆಡ್ಡಿನವರೆಗೆ ಎಲ್ಲರೂ ಕೆಲಸ ಬಿಟ್ಟು ನೋಡುವ ಹಾಗೆ ಮೆಲ್ಲಗೆ, ಹೆಣ ತಂದ ಹಾಗೆ. ಡ್ರೈವರ್ ಆಸಾರೆ ಇಳಿದವನೇ ಸೊಂಟದ ಮೇಲೆ ಕೈಯಿಟ್ಟುಕೊಂಡ. ಮಾಂಪೊಂಗ್ ಏರಲ್ಲಿ ಟೀಚರ್, ಹದಿನಾಲ್ಕು ಜನ, ಒಬ್ಬಳು ತುಂಬಿದ ಬಸುರಿ, ಒಂದು ಮೇಕೆ, ಕೆಂಪು ದೀಪ ಹತ್ಕೊಳ್ತು, ಆಮೇಲೆ ಒನಕೇಲಿ ಫುಫು ಕುಟ್ಟೋ ಸದ್ದು, ನಾನು ಪಕ್ಕದ ಮನೇಲೆಲ್ಲೋ ಅಡುಗೆ ನಡೀತಿದೆ ಅಂದ್ಕೊಂಡೆ, ಆದ್ರೆ ಅಡುಗೆಮನೆ ನಮ್ ಜೊತೇನೇ ಗುಡ್ಡ ಹತ್ತುತ್ತಾ ಇತ್ತು, ಮೇಕೆಗೆ ಮೊದ್ಲು ತಿಳೀತು, ಅದೇ ಮೊದ್ಲು ಇಳೀತು. ಜನ ಬಿದ್ದು ಬಿದ್ದು ನಕ್ಕರು. ನಾನು ಬಸುರಿಯ ಬಗ್ಗೆ ಯೋಚಿಸುತ್ತಿದ್ದೆ, ಆ ಏರಿನ ಬಲಕ್ಕೆ ತಡೆಗೋಡೆ ಇಲ್ಲ, ಎಂಜಿನ್ನು ತಿರುವಿನಲ್ಲಿ ಹಿಡಿದುಕೊಂಡು ನಿಂತಿದ್ದರೆ — ನಿಲ್ಲಲಿಲ್ಲ, ಸರಿ, ನಿಲ್ಲಲಿಲ್ಲ.

ಎರಡು ಇಪ್ಪತ್ತೈದು, ಮಗ್ಗುಲಾಗಿ ಟೈರಿನ ಮೇಲೆ ಮಲಗಿಸಿದ ಎಂಜಿನ್ನಿನ ಹೊಟ್ಟೆ ನನ್ನ ಕಡೆಗಿದೆ, ನಾಲ್ಕು ರಾಡಿನ ಎಂಟು ಬೋಲ್ಟುಗಳಲ್ಲಿ ಎರಡು ಬಿಚ್ಚಿದ್ದಾಯಿತು, ಒಂದೊಂದನ್ನೂ ಅದರದೇ ಡಬ್ಬಿಗೆ, ಡಬ್ಬಿಯ ಮೇಲೆ ಅದರದೇ ನಂಬರು, ಈ ಕಬ್ಬಿಣದ ರಾಶಿ ಎಲ್ಲೆಲ್ಲಿಂದ ಬಂದದ್ದೋ, ಸಿಲಿಂಡರುಗಳ ದಿಮ್ಮಿ ಒಂದು ಗಾಡಿಯದು, ಹೆಡ್ಡು ಇನ್ನೊಂದರದು, ರಾಡುಗಳಲ್ಲಿ ಎರಡು ಅಣ್ಣ ತಮ್ಮಂದಿರು, ಉಳಿದೆರಡು ಹಂಗಿನ ನೆಂಟರು, ಅವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಎರಡು ಗ್ರಾಮಿನೊಳಗೆ ತಂದವಳು ನಾನು, ಪಿಸ್ಟನ್ನು ರಿಂಗು ಎಲ್ಲ ಅಳೆದು ಪುಸ್ತಕದಲ್ಲಿ ಬರೆದವಳು ನಾನು, ಈ ಓಣಿಯಲ್ಲಿ ಅಳತೆಯ ಪುಸ್ತಕ ಇಡುವವರು ಇನ್ನಾರಿದ್ದಾರೆ. ಒಂಬತ್ತು ವರ್ಷ ಓಫಿನ್ಸೋ ಕಡೆಯ ಹುಡುಗಿಯರ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ, ಅದು ಬಿಟ್ಟು ನನ್ನ ಸೋದರಮಾವ ವೋಫಾ ಎನ್ಸಿಯಾನ ಶೆಡ್ಡಿಗೆ ಬಂದಾಗ ಇದೇ ಜನ ಏನೆಂದರು, ಟೀಚರ್, ಇಲ್ಲಿ ಡಸ್ಟರ್ ಇಲ್ಲಮ್ಮ, ಸುತ್ತಿಗೆ ಇದೆ, ಆಗುತ್ತಾ, ಹೆಂಗಸು ಬಿಗಿ ಮಾಡಿದ ಬೋಲ್ಟು ಹೆಂಗಸಿನ ಮಾತಿನ ಹಾಗೆ, ಸಂಜೆಗೆ ಸಡಿಲ, ಹೀಗೆ ಒಂದೊಂದು ದಿನಕ್ಕೆ ಒಂದೊಂದು. ಆರು ವರ್ಷ ತೆಗೆದುಕೊಂಡೆ ಅವರ ಬಾಯಿ ಮುಚ್ಚಿಸಲು. ಈಗ ಕಷ್ಟದ ಸದ್ದಿದ್ದರೆ ನನ್ನನ್ನೇ ಕರೆಯುತ್ತಾರೆ, ಟೀಚರ್ ಬಂದು ಕಿವಿ ಕೊಟ್ಟು ಹೋಗು ಎಂದು. ಭಾನುವಾರ ಚರ್ಚಿನಿಂದ ಬಂದವಳೇ ಬಟ್ಟೆ ಬದಲಿಸಿ ಉದ್ದ ಸ್ಕ್ರೂಡ್ರೈವರಿನ ತುದಿ ದಿಮ್ಮಿಗೆ, ಹಿಡಿ ಕಿವಿಗೆ, ಒಂದೊಂದೇ ಪ್ಲಗ್ಗಿನ ವೈರು ಕಿತ್ತು ನೋಡಿದೆ, ಒಂದನೆಯದು ಕಿತ್ತರೆ ಕುಟ್ಟಾಣಿ ಹಾಗೇ, ಎರಡನೆಯದು ಕಿತ್ತರೆ ಸದ್ದು ಅರ್ಧಕ್ಕೆ ಇಳಿಯಿತು, ಒನಕೆ ಹಿಡಿದವಳು ಸೆರಗಲ್ಲಿ ಬೆವರು ಒರೆಸಿಕೊಂಡ ಹಾಗೆ, ಮತ್ತೆ ಹಾಕಿದರೆ ಮತ್ತೆ ಕುಟ್ಟು. ಎಂದರೆ ರಾಡಿನ ಬುಡ, ಅದು ಕ್ರ್ಯಾಂಕಿನ ಪಿನ್ನನ್ನು ತಬ್ಬುವ ಕಡೆ. ಆಯಿಲ್ ಪಂಪು ಬಿಚ್ಚಿದೆ, ಹಲ್ಲುಗಳು ಚೆನ್ನಾಗಿವೆ, ಜಾಲರಿ ಕಟ್ಟಿಲ್ಲ, ಆದರೂ ಬಿಸಿಯಾದರೆ ಒತ್ತಡ ಇಲ್ಲ, ತಣ್ಣಗಿದ್ದಾಗ ಇದೆ — ಪಂಪು ಕಳಿಸಿದ ಆಯಿಲ್ಲು ಎಲ್ಲೋ ಅಗಲವಾದ ಸಂದಿಯಿಂದ ಸೋರಿಹೋಗುತ್ತಿದೆ, ತೂತಿನ ಕೊಡದಲ್ಲಿ ನೀರು ಹೊತ್ತ ಹಾಗೆ. ಅಗಲವಾದ ಸಂದಿ ಎಂದರೆ ಕ್ರ್ಯಾಂಕಿನ ಪಿನ್ನು ಸಣ್ಣ ಆಗಿದೆ, ಸಣ್ಣ ಆಗಿದೆ ಎಂದರೆ ಸಾಣೆ ಹೆಚ್ಚಾಗಿದೆ, ಸಾಣೆ ಹೆಚ್ಚಾಗಿದೆ ಎಂದರೆ ತೇಯೆ. ನಿನ್ನೆ ಬೆಳಿಗ್ಗೆ ಓಣಿಯ ನಡುವೆ ನಿಂತು ಇದನ್ನೇ ಹೇಳಿದೆ, ಪಾಠದ ಹಾಗೆ, ಒಂದಾದ ಮೇಲೊಂದು. ತೇಯೆ ಕೈ ಒರೆಸಿಕೊಳ್ಳುತ್ತ ಬಂದ. ಸಿಸ್ಟರ್, ಏನು ಬರ್ದಿತ್ತೋ ಅದನ್ನೇ ಕೊಯ್ದಿದೀನಿ. ಯಾರು ಬರೆದದ್ದು ಎಂದೆ. ನೀವೇ, ಕ್ರ್ಯಾಂಕ್ ಮೇಲೆ, ಹಳದಿ ಪೇಂಟಲ್ಲಿ, ಮೂರು ಅಂತ. ನನಗೆ ನೆತ್ತಿಗೆ ಏರಿತು, ಒಂಬತ್ತು ವರ್ಷ ಏಕಮಾನ ಬರೆಯದ ಉತ್ತರಕ್ಕೆ ಸೊನ್ನೆ ಕೊಟ್ಟವಳು ನಾನು, ಮೂರು ಎಂದರೆ ಏನು ಮೂರು, ಮೂರು ಬಾಳೆಹಣ್ಣಾ, ಮೂರು ಮೇಕೆಯಾ ಎಂದು ಮಕ್ಕಳನ್ನು ನಿಲ್ಲಿಸಿ ಕೇಳಿದವಳು, ಇದೇ ಓಣಿಯಲ್ಲಿ ಬರೀ ಸಂಖ್ಯೆ ಹೇಳಿದ ಗಂಡಸರನ್ನು ತಿದ್ದಿ ತಿದ್ದಿ ಹೆಸರು ಕೆಡಿಸಿಕೊಂಡವಳು, ನಾನು ಬರೀ ಮೂರು ಬರೆದೆನೇ. ಎಲ್ಲರ ಮುಂದೆ ಕೇಳಿದೆ, ನೀವೇ ಹೇಳಿ, ನಾನು ಬರೆದಿದ್ದರೆ ಮಿಲಿಮೀಟರ್ ಅಂತ ಬರೆಯದೆ ಬಿಡ್ತಿದ್ದೆನಾ. ಎಲ್ಲರೂ ಗೊಳ್ಳೆಂದು ನಕ್ಕರು, ನನ್ನ ಪರವಾಗಿ ನಕ್ಕರು, ಆಸಾರೆ ಹೇಳಿದ, ಟೀಚರ್ ಸತ್ರೆ ಶವಪೆಟ್ಟಿಗೇಗೂ ಮಿಲಿಮೀಟರಲ್ಲೇ ಅಳತೆ ಕೊಡ್ತಾಳೆ ಕಣೋ ಚಾಲೆ, ನೀನು ಬೇರೆ ಸುಳ್ಳು ಹುಡುಕ್ಕೋ. ತೇಯೆ ಒಬ್ಬನೇ ನಗಲಿಲ್ಲ. ವೋಫಾ ಬಾಯಲ್ಲಿ ಹೇಳಿ ಕಳಿಸಿದ್ದು, ಇವನು ಕಿವಿಗೆ ಹಾಕಿಕೊಳ್ಳಲಿಲ್ಲ, ಅಷ್ಟೇ ಎಂದೆ. ಛೇರ್ಮನ್ ತಮ್ಮ ಕಿಸೆಯಿಂದ ಬೀಗ ತೆಗೆದು ಅವನ ಬಾಗಿಲಿಗೆ ಹಾಕಿದರು. ನಾಳೆ ನಾಲ್ಕು ಗಂಟೆ, ಎಂಜಿನ್ನು ಬಿಚ್ಚಿ ತೋರ್ಸು, ಅಲ್ಲೀವರೆಗೆ ಇದು ತೆಗೆಯಂಗಿಲ್ಲ. ಎಷ್ಟು ಬೇಗ ಹಾಕಿದರು, ನನ್ನ ಒಂದು ಮಾತಿಗೆ — ನನ್ನ ಮಾತಿಗೆ ಅಷ್ಟು ತೂಕ ಬಂದಿದೆ ಎಂದು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ, ಆಯಿತು.

ಎರಡು ಐವತ್ತು. ಎರಡನೆಯ ಪಿನ್ನು ನೋಡುವ ಹಾಗಿಲ್ಲ, ಜಜ್ಜಿ ನೀಲಿಗಟ್ಟಿದೆ, ಅದರ ಅಳತೆಯನ್ನು ಯಾವ ಬುದ್ಧಿವಂತನೂ ಒಪ್ಪುವುದಿಲ್ಲ, ನಾಲ್ಕನೆಯದು ಇನ್ನೂ ಕನ್ನಡಿಯ ಹಾಗಿದೆ, ಅದನ್ನೇ ಅಳೆಯಬೇಕು. ಹತ್ತಿಯಲ್ಲಿ ಒರೆಸು, ಮೈಕ್ರೋಮೀಟರಿನ ಸೊನ್ನೆ ನೋಡು, ಸರಿಯಿದೆ, ಮೂರು ಕಡೆ ಅಳೆ, ಅಡ್ಡ, ಉದ್ದ, ನಡುವೆ — ನಲವತ್ತೇಳು ಬಿಂದು ಎರಡು ನಾಲ್ಕು. ಮತ್ತೊಂದು ಸಲ. ಅದೇ. ಮುಟ್ಟದೆ ಬಿಟ್ಟ ಪಿನ್ನು ನಲವತ್ತೇಳು ಬಿಂದು ಒಂಬತ್ತು ಒಂಬತ್ತು ಇರುತ್ತದೆ, ಕಳೆ, ಮುಕ್ಕಾಲು ಮಿಲಿಮೀಟರು ಹೋಗಿದೆ. ಮುಕ್ಕಾಲು. ವೋಫಾ ಹೇಳಿದ್ದು ಮೂರನೇ ಸಾಣೆ, ಮೂರನೇ ಸಾಣೆ ಎಂದರೆ ಅರ್ಧ ಮಿಲಿಮೀಟರು, ಈ ಓಣಿಯಲ್ಲಿ ಹುಟ್ಟಿದ ಬೆಕ್ಕಿಗೂ ಗೊತ್ತು, ಸಿಕ್ಕಿಬಿದ್ದೆಯಲ್ಲ ತೇಯೆ, ಕಾಲು ಮಿಲಿಮೀಟರು ಜಾಸ್ತಿ ತಿಂದಿದ್ದೀಯ, ಮೀನಿನ ಮುಳ್ಳು ನೆಕ್ಕುತ್ತ ಕೂರು, ಒಂದು ಗಂಟೆ ಹತ್ತು ನಿಮಿಷ ಇದೆ ನಿನಗೆ. ಬೇರಿಂಗು ತಿರುಗಿಸಿ ನೋಡುತ್ತೇನೆ, ಬೆನ್ನ ಮೇಲೆ ಒತ್ತಿದ ಅಂಕಿ ಸಣ್ಣದು, ಭೂತಗನ್ನಡಿ ಹಿಡಿ, ಸೊನ್ನೆ ಐದು ಸೊನ್ನೆ, ಅರ್ಧ ಮಿಲಿಮೀಟರಿನ ಸಾಣೆಗೆ ಮಾಡಿದ್ದು, ವೋಫಾ ಸರಿಯಾದದ್ದನ್ನೇ ತಂದಿದ್ದಾನೆ, ಮುದುಕ ಎಪ್ಪತ್ತೊಂದರಲ್ಲೂ ತಪ್ಪಿಲ್ಲ. ಅವನು ಬೇರಿಂಗಿಗೆ ಗ್ರೀಸು ದಪ್ಪಗೆ ಹಚ್ಚಿ ಕೂರಿಸಿ ಕ್ರ್ಯಾಂಕನ್ನು ಒಂದೇ ಬೆರಳಲ್ಲಿ ತಿರುಗಿಸಿ ತೋರಿಸಿದ್ದ ಆ ದಿನ, ನಾನು ಹೆಡ್ಡಿನ ಕೆಲಸದಲ್ಲಿ ತಲೆ ತಗ್ಗಿಸಿ ಕೂತಿದ್ದೆ, ನೋಡಿಲ್ಲಿ ದೂಫಿಯೆ, ಶಿಯಾ ಬೆಣ್ಣೆ ಹಾಗೆ ತಿರುಗ್ತಿದೆ, ನನ್ನ ಕೈ ಇನ್ನೂ ಮುಪ್ಪಾಗಿಲ್ಲ ಅಂದಿದ್ದ. ನಾನೂ ತಿರುಗಿಸಿ ನೋಡಿ ಹೌದು ವೋಫಾ ಎಂದಿದ್ದೆ. ಬಿಗಿಯೇ ಇಲ್ಲದ್ದು ಬೆಣ್ಣೆಯ ಹಾಗೇ ತಿರುಗುತ್ತದೆ, ಅದು ಆಗ ಹೊಳೆಯಲಿಲ್ಲ, ಹೊಳೆಯಬೇಕಿತ್ತು, ಆದರೂ ತಪ್ಪಿನ ಬೇರು ಅಲ್ಲಿಲ್ಲ, ಬೇರು ಸಾಣೆಯಲ್ಲಿದೆ. ಮುಕ್ಕಾಲು ಮಿಲಿಮೀಟರು. ಅವನು ಕ್ರ್ಯಾಂಕು ತಂದು ಇಳಿಸಿದಾಗ ಏನೋ ಅಂದಿದ್ದ, ಬೆವರು ಒರೆಸುತ್ತ, ಸಿಸ್ಟರ್, ಇದೇ ಕೊನೇದು, ಇನ್ನೊಂದ್ಸಲ ಇದಕ್ಕೆ ಸಾಣೆ ತಡ್ಕೊಳ್ಳೋ ಮೈ ಇಲ್ಲ. ನಾನು ಜಂಬ ಎಂದುಕೊಂಡೆ, ಬಂದರಿನವರಿಗೆ ಎಲ್ಲವೂ ಕೊನೆಯದೇ. ಅರ್ಧ ಮಿಲಿಮೀಟರಿನ ಸಾಣೆಯಾಗಿದ್ದರೆ ಇನ್ನೊಂದಕ್ಕೆ ಮೈ ಇರುತ್ತಿತ್ತು. ಅವನಿಗೆ ಗೊತ್ತಿತ್ತು ತಾನು ಎಷ್ಟು ಕೊಯ್ದೆ ಎಂದು. ಬಾಯಿಬಿಟ್ಟು ಹೇಳಿದ. ಕಳ್ಳ ಕದ್ದದ್ದನ್ನು ಯಜಮಾನನ ಅಂಗಳಕ್ಕೇ ತಂದು ಇದು ನಿಮ್ಮದೇ ಎನ್ನುತ್ತಾನೆಯೇ — ಬೇಡ, ಈ ದಾರಿಯಲ್ಲಿ ಹೋಗಬೇಡ, ಅಳತೆಯ ದಾರಿಯಲ್ಲಿ ಹೋಗು.

ವೋಫಾನನ್ನು ಎಬ್ಬಿಸಬೇಕು, ನಾಲ್ಕು ಗಂಟೆಗೆ ಅವನೂ ಬಾಯಿಬಿಟ್ಟು ಹೇಳಬೇಕು, ಹಳೆ ಬಸ್ಸಿನ ಸೀಟಿನ ಮೇಲೆ ಬಾಯಿ ತೆರೆದು ಮಲಗಿದ್ದಾನೆ, ಎದೆಯ ಮೇಲೆ ರೇಡಿಯೋ, ಅದರಲ್ಲಿ ಯಾರೋ ಫುಟ್ಬಾಲಿನ ಬಗ್ಗೆ ಜಗಳವಾಡುತ್ತಿದ್ದಾರೆ. ವೋಫಾ, ಏಳು, ಕ್ರ್ಯಾಂಕಿಗೆ ಎಷ್ಟನೇ ಸಾಣೆ ಅಂತ ಹೇಳಿದ್ದೆ ನೀನು. ಕಣ್ಣು ತೆರೆಯದೆಯೇ ಹೇಳುತ್ತಾನೆ, ಮೂರನೇದು, ನಿನ್ನೆಯಿಂದ ಅದನ್ನೇ ಕೇಳ್ತೀಯಲ್ಲೇ, ಬೇರಿಂಗೂ ಮೂರನೇದೇ ತಂದೆ, ಜಂಕ್ಷನ್ ಅಂಗಡಿ ಮುದುಕಿ ಎಷ್ಟನೇದು ಅಂದ್ಲು, ಮೂರನೇದು ಅಂದೆ, ಕೊಟ್ಲು. ಮೂರನೇದು ಅಂದ್ರೆ ಎಷ್ಟು ಅಂತ ಛೇರ್ಮನ್ ಮುಂದೆ ಎಣಿಸಿ ಹೇಳ್ಬೇಕು ವೋಫಾ, ಸ್ಪಷ್ಟವಾಗಿ. ಎದ್ದು ಕೂತ, ಕೈ ಎತ್ತಿ ಹೆಬ್ಬೆರಳು ಹಿಡಿದುಕೊಂಡ, ಮಗುವಿಗೆ ಕಲಿಸುವ ಹಾಗೆ. ಇದು ಮೊದಲನೇದು, ಸಾಣೆ ಮುಟ್ಟದೆ ಇರೋದು, ಕಾರ್ಖಾನೆಯಿಂದ ಬಂದಂಗೆ. ತೋರುಬೆರಳು, ಇದು ಎರಡನೇದು, ಇಪ್ಪತ್ತೈದು. ನಡುಬೆರಳು, ಮೂರನೇದು, ಐವತ್ತು. ಎಲ್ಲರಿಗೂ ಗೊತ್ತಿರೋದೇ ಅಲ್ವಾ. ನಾನು ತಲೆಯಾಡಿಸುತ್ತೇನೆ, ಐವತ್ತು ಎಂದರೆ ಮಿಲಿಮೀಟರಿನ ನೂರರಲ್ಲಿ ಐವತ್ತು ಪಾಲು, ನನಗೂ ಗೊತ್ತಿರುವುದೇ, ಬುದ್ಧಿ ಬಂದಾಗಿನಿಂದ ಹೀಗೇ, ಆದರೆ ಆ ಹೆಬ್ಬೆರಳು, ಅವನು ಹಿಡಿದುಕೊಂಡೇ ಇರುವ ಹೆಬ್ಬೆರಳು — ಸಾಣೆಯೇ ಹಿಡಿಯದ್ದಕ್ಕೆ ಒಂದನೇ ಸಾಣೆ ಎಂದು ಯಾಕೆ ಹೆಸರು, ವೋಫಾ. ಯಾಕೆ ಅಂದ್ರೆ, ಅಲ್ಲಿಂದ ಎಣಿಸ್ದೆ ಎಲ್ಲಿಂದ ಎಣಿಸ್ತೀಯ, ಮಗು ಹುಟ್ಟಿದ ದಿನ ದಿನ ಅಲ್ವಾ, ಗುರುವಾರ ಹುಟ್ಟಿದ ಕೂಸಿಗೆ ಮುಂದಿನ ಗುರುವಾರ ಹೆಸರಿಡ್ತೀವಿ, ಅದು ಎಷ್ಟನೇ ದಿನ. ಎಂಟನೇದು. ಮತ್ತೆ, ವಾರಕ್ಕೆ ಎಂಟು ದಿನ ಅಂತ ನಮ್ಮ ಅಜ್ಜಿ ಮುತ್ತಜ್ಜಿ ಹೇಳ್ತಿದ್ದದ್ದು ಸುಳ್ಳಾ, ನಿನ್ನ ಕಾಲೇಜಲ್ಲಿ ಎಷ್ಟು ಹೇಳಿದ್ರು. ಏಳು ವೋಫಾ. ಏಳು, ಹ್ಞೂಂ, ಒಂದು ದಿನ ಕದ್ಬಿಟ್ಟಿದಾರೆ ನಿಮ್ಮೋರು ಎಂದು ನಗುತ್ತಾನೆ, ಹಲ್ಲಿಲ್ಲದ ಒಸಡು, ಮತ್ತೆ ರೇಡಿಯೋ ಕಿವಿಗೆ. ನಾನು ನಗುವುದಿಲ್ಲ. ಮೊಣಕಾಲು ಮಡಚಿಕೊಂಡು ಎಂಜಿನ್ನಿನ ಮುಂದೆ ಕೂರುತ್ತೇನೆ. ಬಂದರಿನಲ್ಲಿ ಕಲಿತು ಸೊನ್ನೆಯಿಂದ ಎಣಿಸುವವನು ಏನು ಮಾಡುತ್ತಾನೆ, ಮುಟ್ಟದ್ದಕ್ಕೆ ಹೆಸರಿಡುವುದಿಲ್ಲ, ಮೊದಲ ಸಲ ಮುಟ್ಟಿದ್ದು ಒಂದು, ಇಪ್ಪತ್ತೈದು, ಎರಡು, ಐವತ್ತು, ಮೂರು, ಎಪ್ಪತ್ತೈದು, ಮೂರನೇ ಸಾಣೆ ಮುಕ್ಕಾಲು ಮಿಲಿಮೀಟರು, ಸರಿಯಾಗಿ ಮುಕ್ಕಾಲು, ನೂರರಲ್ಲೊಂದು ಪಾಲೂ ಆಚೀಚೆ ಇಲ್ಲದೆ, ಮೂರು ಕಡೆ ಅಳೆದರೂ ಒಂದೇ ಬರುವ ಹಾಗೆ, ನಿರ್ಲಕ್ಷ್ಯದವನ ಕೈಯಲ್ಲಿ ಹಾಗೆ ಬರುವುದಿಲ್ಲ, ಅದು ಮೈಕ್ರೋಮೀಟರು ಹಿಡಿದಾಗಲೇ ನನಗೆ ಕಂಡಿತ್ತು, ಕಂಡರೂ ಮುಂದಕ್ಕೆ ದಾಟಿಹೋದೆ. ಆದರೆ ಕೇಳಬೇಕಿತ್ತು ಅವನು, ಪರಸ್ಥಳದಿಂದ ಬಂದವನು, ಎರಡು ವರ್ಷ ನಮ್ಮ ನೀರು ಕುಡಿದವನು, ನಿಮ್ಮ ಮೂರು ಎಂದರೆ ಯಾವ ಮೂರು ಎಂದು ಕೇಳಬೇಕಿತ್ತು, ಎರಡು ವರ್ಷದಲ್ಲಿ ಒಮ್ಮೆಯೂ ಎಡವಟ್ಟಾಗಲಿಲ್ಲವಲ್ಲ — ಆಗಲಿಲ್ಲ, ಏಕೆಂದರೆ ಪ್ರತಿ ಸಲ ನಾನೇ ಚೀಟಿಯಲ್ಲಿ ಮಿಲಿಮೀಟರು ಬರೆದು ಕಳಿಸುತ್ತಿದ್ದೆ, ನಾನು. ಈ ಸಲ ವೋಫಾ ಬಾಯಲ್ಲಿ ಹೇಳಿ ಕಳಿಸಿದ. ಆದ್ದರಿಂದ ತಪ್ಪು ಇಬ್ಬರ ಬಾಯಿ ಕಿವಿಗಳ ನಡುವಿನದು, ನನ್ನದಲ್ಲ, ಛೇರ್ಮನ್ನರಿಗೆ ಹೀಗೆಂದು ವಿವರಿಸಬಹುದು, ತೇಯೆಗೆ ಒಂದು ಬಾಟಲಿ ಜಿನ್ನು ಕೊಟ್ಟು ವೋಫಾ ಕ್ಷಮೆ ಕೇಳಲಿ, ವೋಫಾ ಕೇಳುತ್ತಾನೆಯೇ, ನಲವತ್ತಾರು ವರ್ಷ ಎಂಜಿನ್ನು ಕಟ್ಟಿದವನು, ನಿನಗೆ ಎಣಿಸಲು ಬರುವುದಿಲ್ಲ ಎಂದು ಓಣಿಯ ಮುಂದೆ ಅವನಿಗೆ ನಾನು ಹೇಳಬೇಕೇ. ಅವನಿಗೆ ಬರುತ್ತದೆ. ತೇಯೆಗೂ ಬರುತ್ತದೆ.

ಮೂರು ಹತ್ತೊಂಬತ್ತು. ನಾಲ್ಕನೆಯ ರಾಡನ್ನು ಹೊರಗೆ ತೆಗೆದು, ಬೇರಿಂಗು ಕೂರಿಸಿ, ಬೋಲ್ಟನ್ನು ಹೇಳಿದಷ್ಟೇ ಬಲಕ್ಕೆ ಬಿಗಿದು, ಒಳಗಿನ ಅಗಲ ಅಳೆದೆ, ನಲವತ್ತೇಳು ಬಿಂದು ಐದು ಮೂರು, ಪುಸ್ತಕದಲ್ಲಿ ಬರೆದೆ, ಮಿಲಿಮೀಟರು ಎಂದೂ ಬರೆದೆ, ಮೂರನೆಯ ಪಿನ್ನನ್ನೂ ಅಳೆದುಬಿಡೋಣ, ಒಂದೇ ಅಳತೆಯನ್ನು ನಂಬಬಾರದು ಎಂದು ಕ್ರ್ಯಾಂಕನ್ನು ಅರ್ಧ ಸುತ್ತು ತಿರುಗಿಸಿದೆ, ಬೆಣ್ಣೆಯ ಹಾಗೆ ತಿರುಗಿತು ಹಾಳಾದ್ದು, ಭಾರದ ತುಂಡು ಮೇಲೆ ಬಂತು, ಅದರ ಮೇಲೆ ಕರಿಯ ಆಯಿಲ್ಲು, ಥಿನ್ನರಿನ ಬಟ್ಟೆಯಿಂದ ಒರೆಸಬೇಕೆಂದು ಹೋದವಳು ಬರೀ ಬಟ್ಟೆಯಿಂದ ಒರೆಸಿದೆ, ಯಾಕೆ ಎಂದು ಗೊತ್ತಿಲ್ಲ, ಕೈಗೆ ಸಿಕ್ಕಿದ್ದು ಅದು. ಹಳದಿ. ಹಳದಿಯ ಒಂದು ಅಡ್ಡಗೆರೆ, ಅದರಿಂದ ಇಳಿದ ಓರೆಗೆರೆ, ಅದರಡಿ ಒಂದು ಹೊಟ್ಟೆ. ತಲೆ ಚಪ್ಪಟೆಯಾದ 3. ಹಿಂದಿನ ಬೆಂಚಿನ ಹುಡುಗಿಯರು ಎಂಟು ಎಂದು ಓದಿಕೊಳ್ಳಬಾರದೆಂದು ತಲೆಯನ್ನು ಚಪ್ಪಟೆ ಮಾಡಿ ಬರೆಯುತ್ತಿದ್ದದ್ದು, ಈ ಓಣಿಯಲ್ಲಿ, ಈ ಊರಿನಲ್ಲಿ ಹಾಗೆ ಇನ್ನಾರು ಬರೆಯುತ್ತಾರೆ. ಪಕ್ಕದಲ್ಲಿ ಏನೂ ಇಲ್ಲ. ಬಿಂದು ಇಲ್ಲ, ಮಿಲಿಮೀಟರು ಇಲ್ಲ, ಖಾಲಿ ಕಬ್ಬಿಣ. ಈಗ ನೆನಪಾಗುತ್ತಿದೆ, ಬೇಡವೆಂದರೂ ಬರುತ್ತಿದೆ, ಏಪ್ರಿಲಿನ ಆ ಬೆಳಿಗ್ಗೆ, ಮಳೆಯಿರಲಿಲ್ಲ, ಅವಸರವಿರಲಿಲ್ಲ, ಕೈಗಾಡಿಯವನು ನೀರಿನ ಪೊಟ್ಟಣ ಕಚ್ಚಿ ಹೀರುತ್ತ ನಿಧಾನವಾಗಿ ಕಾಯುತ್ತಿದ್ದ, ಪೇಂಟಿನ ಪೆನ್ನು ತುಂಬಿತ್ತು, ಚೀಟಿ ಹುಡುಕಲು ಒಳಗೆ ಹೋಗಬೇಕಿತ್ತು, ವೋಫಾ ಒಳಗಿಂದ ಮೂರನೇದು ಅಂದ, ನಾನು ಬಗ್ಗಿ 3 ಬರೆದೆ, ಅದರ ಅರ್ಥ ನನಗೆ ಅಷ್ಟು ಸ್ಪಷ್ಟವಾಗಿತ್ತು, ಅರ್ಧ ಮಿಲಿಮೀಟರು ಎಂದು ಬರೆಯುವುದು ನಮ್ಮ ಮನೆಯಲ್ಲಿ ನಾನು ನನ್ನದೇ ಹೆಸರು ಹೇಳಿಕೊಂಡ ಹಾಗೆ ಅನಿಸಿತು. ನಮ್ಮವರಿಗೆ ಬರೆದೆ. ನಮ್ಮವನಲ್ಲದವನ ಬಾಗಿಲಿಗೆ ಕಳಿಸಿದೆ. ಒಂಬತ್ತು ವರ್ಷ ಎಷ್ಟು ಹುಡುಗಿಯರಿಗೆ ಸೊನ್ನೆ ಕೊಟ್ಟೆ, ಒಬ್ಬಳು ಅತ್ತಿದ್ದಳು, ಉತ್ತರ ಸರಿಯಿದೆಯಲ್ಲ ಮೇಡಂ ಎಂದು, ಸರಿಯಿಲ್ಲ, ಏಕಮಾನ ಇಲ್ಲದ ಉತ್ತರ ಉತ್ತರವೇ ಅಲ್ಲ, ಸೇತುವೆ ಬೀಳುತ್ತದೆ, ಜನ ಸಾಯುತ್ತಾರೆ ಎಂದಿದ್ದೆ, ಎಷ್ಟು ಗಟ್ಟಿಯಾಗಿ ಎಂದಿದ್ದೆ. ಏರಿನಲ್ಲಿ ಹದಿನಾಲ್ಕು ಜನ. ಬಲಕ್ಕೆ ತಡೆಗೋಡೆ ಇಲ್ಲ. ನಿನ್ನೆ ಅವನು ಸತ್ಯ ಹೇಳುತ್ತಿದ್ದ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ನೀವೇ, ಹಳದಿ ಪೇಂಟಲ್ಲಿ, ಮೂರು ಅಂತ, ಮತ್ತು ನಾನು ನನ್ನ ಒಳ್ಳೆಯ ಹೆಸರನ್ನೇ ಎತ್ತಿ ಅವನ ತಲೆಗೆ ಹೊಡೆದೆ, ಓಣಿಯೆಲ್ಲ ನಕ್ಕಿತು, ಬೀಗ ಬಿತ್ತು. ಸಿಟ್ಟು ಹೋಗಿಲ್ಲ, ವಿಚಿತ್ರ, ಅಷ್ಟೇ ಇದೆ, ಕುದಿಯುತ್ತಲೇ ಇದೆ, ಹೋಗಿ ಬೀಳಲು ಜಾಗ ಹುಡುಕುತ್ತಿದೆ, ಛೇರ್ಮನ್ನರ ಮೇಲೆ, ಒಂದು ಮಾತಿಗೆ ಬೀಗ ಹಾಕುವುದೇ, ಹೊರಗಿನವನಾದ್ದರಿಂದಲೇ ಅಷ್ಟು ಬೇಗ ಹಾಕಿದ್ದು, ನಮ್ಮವನಾಗಿದ್ದರೆ ಮೂರು ದಿನ ಮಾತುಕತೆ ನಡೆಯುತ್ತಿತ್ತು, ಆಸಾರೆಯ ಮೇಲೆ, ನಕ್ಕ ಬಾಯಿಗಳ ಮೇಲೆ, ಯಾರ ಮೇಲೂ ನಿಲ್ಲುತ್ತಿಲ್ಲ, ತಿರುಗಿ ಬರುತ್ತಿದೆ. ಎಡಗೈಯಲ್ಲಿ ಥಿನ್ನರಿನ ಬಟ್ಟೆ ಇದೆ. ಯಾವಾಗ ಎತ್ತಿಕೊಂಡೆ. ಈ ಪೇಂಟು ಆಯಿಲಿಗೆ ಜಗ್ಗುವುದಿಲ್ಲ, ಥಿನ್ನರಿಗೆ ಎರಡೇ ಉಜ್ಜು. ಎರಡು ಉಜ್ಜಿದರೆ ಪಿನ್ನಿನ ಅಳತೆ ನಿಜ, ಬೇರಿಂಗಿನ ಅಂಕಿ ನಿಜ, ವೋಫಾನ ಬೆರಳು ನಿಜ, ಎಲ್ಲವೂ ನಿಜವಾಗಿಯೇ ಉಳಿದು ತೇಯೆ ಲಾರಿ ಹತ್ತುತ್ತಾನೆ. ನಾನು ಒಂದೇ ಒಂದು ಸುಳ್ಳೂ ಹೇಳಬೇಕಾಗಿಲ್ಲ.

ಕಾಲ ಸದ್ದು, ನಾಲ್ಕು ಆಗಿಲ್ಲ, ಮೂರು ನಲವತ್ತು, ಛೇರ್ಮನ್ ಓಡುರೋ ಬೇಗ ಬಂದಿದ್ದಾರೆ, ಬಿಳಿ ಅಂಗಿ, ಕೈಯಲ್ಲಿ ಬೀಗದ ಕೈ, ಹಿಂದೆ ಐದಾರು ಜನ, ಆಸಾರೆ ಬಾಳೆಕಾಯಿ ಚಿಪ್ಸು ಮೆಲ್ಲುತ್ತ, ಎಲ್ಲರ ಹಿಂದೆ ತೇಯೆ, ಅಂಗೈ ತೊಳೆದುಕೊಂಡು ಬಂದಿದ್ದಾನೆ, ನೀರು ತೊಟ್ಟಿಕ್ಕುತ್ತಿದೆ. ಮೋಡ ಕಟ್ಟಿದೆ ಟೀಚರ್, ಮಳೆಗೆ ಮುಂಚೆ ಮುಗಿಸ್ಬಿಡೋಣ ಅನ್ನುತ್ತಾರೆ ಛೇರ್ಮನ್. ಆಸಾರೆ, ಏನು ಮುಗಿಸೋದು ಛೇರ್ಮನ್ರೇ, ಲಾರಿಗೆ ಆಗ್ಲೇ ಹೇಳಿದೀನಿ ಅನ್ನುತ್ತಾನೆ. ತೇಯೆ ಅವನ ಕಡೆ ನೋಡುವುದಿಲ್ಲ, ನನ್ನ ಕಡೆಯೂ ನೋಡುವುದಿಲ್ಲ, ಎಂಜಿನ್ನನ್ನು ನೋಡುತ್ತಾನೆ, ನಾಲ್ಕನೆಯ ಪಿನ್ನಿನ ಹೊಳಪನ್ನು, ತನ್ನ ಕೈಕೆಲಸವನ್ನು ನೋಡುವವರ ನೋಟ ಬೇರೆಯೇ, ಮಗುವಿಗೆ ಪೆಟ್ಟಾಗಿದೆಯೇ ಎಂದು ದೂರದಿಂದಲೇ ನೋಡುವ ಹಾಗೆ. ವೋಫಾ ರೇಡಿಯೋ ಆರಿಸಿ ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತಿದ್ದಾನೆ, ಅವನ ಉಸಿರು ಕೇಳಿಸುತ್ತಿದೆ. ಹೇಳು ಟೀಚರ್, ಎಲ್ಲಿದೆ ತಪ್ಪು. ನಾನು ಪಕ್ಕಕ್ಕೆ ಸರಿಯಬೇಕು, ನನ್ನ ಮೊಣಕಾಲು ಅದನ್ನು ಮರೆಮಾಡಿದೆ, ಮೊಣಕಾಲು ತೆಗೆದರೆ ಕಾಣುತ್ತದೆ, ಚಪ್ಪಟೆ ತಲೆ, ಓರೆಗೆರೆ, ಹೊಟ್ಟೆ, ತೆಗೆಯದೆ ಬರೀ ಅಳತೆ ಓದಬಹುದು, ಓದು, ಪುಸ್ತಕ ತೆರೆದಿದೆ — ಬಟ್ಟೆಯನ್ನು ಆಯಿಲ್ ತಟ್ಟೆಗೆ ಎಸೆಯುತ್ತೇನೆ, ಕರಿಯ ಎಣ್ಣೆಯಲ್ಲಿ ಮುಳುಗುತ್ತದೆ, ಇನ್ನು ಅದು ಯಾವುದನ್ನೂ ಅಳಿಸುವುದಿಲ್ಲ. ಸರಿಯುತ್ತೇನೆ. ಮೊದಲು ಯಾರಿಗೂ ಅರ್ಥವಾಗುವುದಿಲ್ಲ. ತೇಯೆಗೆ ಆಗುತ್ತದೆ, ಓಣಿ ಕೇಳುವ ಹಾಗೆ ಹೇಳಬಹುದಿತ್ತು, ಒದ್ದೆ ಅಂಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾನೆ. ಆಸಾರೆ ಬಗ್ಗಿ ನೋಡಿ ಮೆಲ್ಲುವುದನ್ನು ನಿಲ್ಲಿಸುತ್ತಾನೆ, ಇದ್ಯಾರ ಬರಹ ಅನ್ನುತ್ತಾನೆ. ನನ್ನದು ಎನ್ನುತ್ತೇನೆ. ನನ್ನದು, ನಾನು ಬರೆದದ್ದು, ನಾನು ಬರೆದಿಲ್ಲ ಎಂದು ನಿನ್ನೆ ಹೇಳಿದವಳೂ ನಾನೇ, ಅವನು ಬರೆದಷ್ಟನ್ನೇ ಕೊಯ್ದಿದ್ದಾನೆ, ಅವನ ಲೆಕ್ಕದಲ್ಲಿ ಸರಿಯಾಗಿ, ವೋಫಾ ತನ್ನ ಲೆಕ್ಕದಲ್ಲಿ ಸರಿಯಾದದ್ದನ್ನೇ ತಂದಿದ್ದಾನೆ, ಬೀಗ ತೆಗೀರಿ ಛೇರ್ಮನ್ರೇ. ಛೇರ್ಮನ್ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದಾರೆ, ಕೋಪವೋ ನಾಚಿಕೆಯೋ, ಅವರಿಗೂ ಇಂದು ಮುಖ ತೋರಿಸಲು ಕಷ್ಟ, ಕೊನೆಗೆ ಕೇಳುತ್ತಾರೆ, ಹಂಗಾದ್ರೆ ಸಂದಿ ಎಷ್ಟು ಬಿದ್ದಿದೆ, ಅದನ್ನಾದ್ರೂ ಸರಿಯಾಗಿ ಹೇಳು, ಇವತ್ತು ಬರೀ ನಂಬರ್ ಬೇಡ ಟೀಚರ್. ಯಾರೋ ನಗಲು ಹೋಗಿ ನಿಲ್ಲಿಸುತ್ತಾರೆ. ನಲವತ್ತೇಳು ಬಿಂದು ಐದು ಮೂರರಲ್ಲಿ ನಲವತ್ತೇಳು ಬಿಂದು ಎರಡು ನಾಲ್ಕು ಕಳೆಯಬೇಕು, ಸುಲಭದ ಲೆಕ್ಕ, ಬಾಯಿಂದ ಬರುತ್ತಿಲ್ಲ, ಪುಸ್ತಕದ ಅಂಕಿಗಳ ಮೇಲೆ ಕಣ್ಣು ನಿಲ್ಲುತ್ತಿಲ್ಲ, ಹಳದಿಯ ಮೇಲೆಯೇ ಹೋಗಿ ನಿಲ್ಲುತ್ತದೆ, ಅಡ್ಡಗೆರೆ, ಓರೆಗೆರೆ, ಹೊಟ್ಟೆ, ಪಕ್ಕದಲ್ಲಿ ಖಾಲಿ ಕಬ್ಬಿಣ, 3, ಖಾಲಿ ಕಬ್ಬಿಣ, 3, ಖಾಲಿ —

0.29 ಮಿಲಿಮೀಟರ್.